ಪ್ರಿಂಟರ್ ಇನ್ನೂ ರಿಪೇರಿ ಆಗಿಲ್ಲ

ಎರಡು ದಿನ ಕೂತು ಐಟಿಲ್ (ಐಟಿ ಸೇವೆ ಹೇಗೆ ನಡೆಸಬೇಕು ಅಂತ ಹೇಳುವ ಕೈಪಿಡಿ) ಅಪ್‌ಡೇಟ್ ಕೋರ್ಸ್ ಮುಗಿಸಿ ಈಗ ತಾನೇ ಮನೆಗೆ ಬಂದೆ. ತಲೆ ಕಾದಿದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಕಂಪ್ಯೂಟರ್ ಕೈಕೊಟ್ಟರೆ ದೂರು ಕೇಳುವ ಈ ಸರ್ವಿಸ್ ಡೆಸ್ಕ್ ಸಹವಾಸಕ್ಕೆ ಬಿದ್ದು ಹತ್ತಿರ ಹತ್ತಿರ ಇಪ್ಪತ್ತು ವರ್ಷವಾಯಿತು, ನಿಮಗೆಲ್ಲ ಗೊತ್ತೇ ಇದೆ. ನೈಟ್ ಶಿಫ್ಟಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಶುರು ಮಾಡಿದವನು. ಐಟಿಲ್‌ನ ಎರಡನೇ ಆವೃತ್ತಿ ವಿ2 ಓದಿದೆ, ವಿ3 ಓದಿದೆ, ನಾಲ್ಕನ್ನೂ ಓದಿದೆ. ಪ್ರತಿ ಸಲವೂ ಯಾರೋ ಒಬ್ಬರು ಬಂದು, ನೀವು ಇಷ್ಟು ದಿನ ಮಾಡುತ್ತಿದ್ದ ಕೆಲಸದ ಹೆಸರು ಈಗ ಬೇರೆ ಅಂತ ಹೇಳಿ ಹೋಗುತ್ತಾರೆ.

ಇವತ್ತು ಟ್ರೈನರ್ ಬಹಳ ಗಂಭೀರವಾಗಿ ಹೇಳಿದರು: "ಚೇಂಜ್ ಮ್ಯಾನೇಜ್‌ಮೆಂಟ್ ಅನ್ನಬೇಡಿ, ಚೇಂಜ್ ಎನೇಬಲ್‌ಮೆಂಟ್ ಅನ್ನಿ." ಸಿಸ್ಟಮ್‌ನಲ್ಲಿ ಏನಾದರೂ ಬದಲಾಯಿಸುವ ಮುಂಚೆ ಅಪಾಯ ನೋಡಿ ಒಪ್ಪಿಗೆ ಕೊಡುವ ಕೆಲಸ ಅದು. ಎಲ್ಲರೂ ತಲೆ ಆಡಿಸಿದರು. 2019ರಲ್ಲಿ ಬಂದ ಫೌಂಡೇಶನ್ ಪುಸ್ತಕದಲ್ಲಿ ಅದು ಚೇಂಜ್ ಕಂಟ್ರೋಲ್ ಆಗಿತ್ತು. ಆಮೇಲೆ ಎನೇಬಲ್‌ಮೆಂಟ್ ಆಯಿತು. ಮಗುವಿಗೂ ಒಂದೇ ಸಲ ನಾಮಕರಣ ಕಣ್ರೀ, ಇದಕ್ಕೆ ಮೂರು! ವಿ3ಯಲ್ಲಿ 26 ಪ್ರಾಸೆಸ್ ಇತ್ತು. ನಾಲ್ಕರಲ್ಲಿ ಅದು 34 ಪ್ರಾಕ್ಟೀಸ್ ಆಯಿತು. ಪ್ರಾಸೆಸ್‌ಗೂ ಪ್ರಾಕ್ಟೀಸ್‌ಗೂ ಏನು ವ್ಯತ್ಯಾಸ ಅನ್ನುವುದಕ್ಕೇ ಮುಕ್ಕಾಲು ಗಂಟೆ ಹೋಯಿತು.

ನನಗೆ ಉರಿದದ್ದು ಅಲ್ಲಲ್ಲ. ಊಟದ ಹೊತ್ತಿಗೆ ಡೆಸ್ಕಿನ ಕಡೆ ಹೋದಾಗ.

ನಮ್ಮ ಟೀಮಿನ ಹೊಸ ಹುಡುಗ, ಬುದ್ಧಿವಂತ. ಹೋದ ತಿಂಗಳು ಫೌಂಡೇಶನ್ ಪರೀಕ್ಷೆ ಬರೆದು 40ಕ್ಕೆ 38 ತೆಗೆದಿದ್ದಾನೆ. ಪಾಸಾಗಲು 26 ಸಾಕು. ಅವನ ಸ್ಕ್ರೀನ್ ಮೇಲೆ ಒಂದು ಟಿಕೆಟ್, ಅಂದರೆ ದಾಖಲಾದ ದೂರು. ಎಲ್ಲೋ ಒಂದು ಗೋದಾಮಿನಲ್ಲಿ ಲೇಬಲ್ ಪ್ರಿಂಟರ್ ಕೈಕೊಟ್ಟಿದೆ. ಲೇಬಲ್ ಇಲ್ಲದೆ ಲಾರಿ ಹೊರಡುವ ಹಾಗಿಲ್ಲ. ಎಸ್‌ಎಲ್‌ಎ, ಅಂದರೆ ರಿಪೇರಿಗೆ ಮಾತು ಕೊಟ್ಟ ಗಡುವು, ಮುಗಿಯಲು ನಾಲ್ಕು ನಿಮಿಷ ಇತ್ತು. ನಮ್ಮ ಹುಡುಗ ಏನು ಮಾಡಿದ ಗೊತ್ತಾ? ಫೋನ್ ಮುಟ್ಟಲಿಲ್ಲ. ಸ್ಟೇಟಸ್ಸನ್ನು 'ಪೆಂಡಿಂಗ್ ಯೂಸರ್' (ದೂರು ಕೊಟ್ಟವರ ಉತ್ತರಕ್ಕೆ ಕಾಯುತ್ತಿದ್ದೇವೆ) ಅಂತ ಮಾಡಿದ. ಗಡಿಯಾರ ನಿಂತಿತು. ಟಿಕೆಟ್ ಹಸಿರು. ಲಾರಿ ಮಾತ್ರ ಅಲ್ಲೇ.

ಹಿಸ್ಟರಿ ತೆಗೆದು ನೋಡಿದೆ. ಅದೇ ಪ್ರಿಂಟರ್, ಒಂದೇ ತಿಂಗಳಲ್ಲಿ ಆರನೇ ಟಿಕೆಟ್. ಹಿಂದಿನ ಐದಕ್ಕೂ 'ರೀಸ್ಟಾರ್ಟ್ ಮಾಡಲಾಗಿದೆ, ಕ್ಲೋಸ್'. "ಪ್ರಾಬ್ಲಮ್ ಟಿಕೆಟ್ ಯಾಕಪ್ಪಾ ತೆರೆದಿಲ್ಲ?" ಅಂದೆ. ಇನ್ಸಿಡೆಂಟ್ ಅಂದರೇನು (ಈಗ ಆದ ತೊಂದರೆ), ಪ್ರಾಬ್ಲಮ್ ಅಂದರೇನು (ಅದರ ಹಿಂದಿನ ಮೂಲ ಕಾರಣ) ಅಂತ ಪುಸ್ತಕದ ಸಾಲನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಮಗ್ಗಿ ಹೇಳಿದ ಹಾಗೆ. "ಅದು ನಮ್ಮ ಟೀಮ್ ಅಲ್ಲ ಸರ್" ಅಂತಲೂ ಸೇರಿಸಿದ.

ಅವನನ್ನು ಬೈದು ಏನು ಪ್ರಯೋಜನ. ಕಲಿಸಿದ್ದು ಅಷ್ಟೇ ಅಲ್ವಾ?

ಜಗತ್ತು ಬದಲಾಗಿದೆ, ಕ್ಲೌಡ್ ಬಂದಿದೆ, ದಿನಕ್ಕೆ ಹತ್ತು ಸಲ ರಿಲೀಸ್ ಹೋಗುತ್ತದೆ, ಹಳೇ ಪುಸ್ತಕ ಹಿಡಿದುಕೊಂಡು ಕೂತರೆ ಆಗುತ್ತದಾ ಅಂತ ನೀವು ಕೇಳಬಹುದು. ಆಗಲ್ಲ, ಒಪ್ಪಿದೆ. ಎಲ್ಲ ಚೇಂಜನ್ನೂ ವಾರಕ್ಕೊಂದು ಕ್ಯಾಬ್ ಮೀಟಿಂಗಿಗೆ ಕಾಯಿಸುವ ಪದ್ಧತಿ (ಚೇಂಜ್‌ಗೆ ಒಪ್ಪಿಗೆ ಕೊಡುವ ಸಮಿತಿ; ರಾತ್ರಿ ಮನೆಗೆ ಬಿಡುವ ಕ್ಯಾಬ್ ಅಲ್ಲ, ಅದು ಇನ್ನೂ ಲೇಟು) ಸಡಿಲವಾದದ್ದು ಒಳ್ಳೆಯದೇ. ಆದರೆ ಅದನ್ನು ಹೇಳಲು ಎರಡು ಪುಟ ಸಾಕು. ಹೊಸ ಪದಕೋಶ, ಹೊಸ ಕೋರ್ಸ್, ಹೊಸ ಫೀಸು ಯಾಕೆ? ಬ್ರಿಟಿಷ್ ಸರ್ಕಾರದವರು 1980ರ ದಶಕದಲ್ಲಿ ಐಟಿಲ್ ಶುರು ಮಾಡಿದ್ದು, ಕಂಪ್ಯೂಟರಿಗೆ ಸುರಿಯುವ ದುಡ್ಡಿಗೆ ತಕ್ಕ ಕೆಲಸ ಆಗಲಿ ಅಂತ. ಈಗ 2023ರಿಂದ ಸರ್ಟಿಫಿಕೇಟಿಗೇ ಮೂರು ವರ್ಷದ ಆಯಸ್ಸು, ಡ್ರೈವಿಂಗ್ ಲೈಸೆನ್ಸಿಗಿಂತ ಕಡಿಮೆ.

ತಮಾಷೆ ಏನೆಂದರೆ, ನಾಲ್ಕರಲ್ಲಿ ಏಳು ಮಾರ್ಗದರ್ಶಿ ಸೂತ್ರಗಳಿವೆ. ಇದ್ದಲ್ಲಿಂದಲೇ ಶುರು ಮಾಡಿ ಅನ್ನುವುದು ಒಂದು. ಸರಳವಾಗಿಡಿ ಅನ್ನುವುದು ಇನ್ನೊಂದು. ಸ್ಲೈಡ್ ಬರೆದವರು ಆ ಪುಟ ಓದಿಲ್ಲ ಅಂತ ಕಾಣುತ್ತದೆ.

ಈಗ ಒಂದು ನಿಜ ಹೇಳಿಬಿಡುತ್ತೇನೆ. ವಿ3 ಕಾಲದಲ್ಲಿ 22 ಕ್ರೆಡಿಟ್ ಕೂಡಿಸಿ ಎಕ್ಸ್‌ಪರ್ಟ್ ಆದವನು ನಾನು. ಮೇಲ್ ಸಿಗ್ನೇಚರಿನಲ್ಲಿ ಎರಡು ವರ್ಷ ದಪ್ಪ ಅಕ್ಷರದಲ್ಲಿ ಮೆರೆಸಿದೆ. ಅಮ್ಮ ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಹಾಸನದ ಮನೆಯಲ್ಲಿ ವೆಂಕಟರಮಣನ ಪಕ್ಕ ನೇತುಹಾಕಿದ್ದಾಳೆ. ಶನಿವಾರ ಅದಕ್ಕೂ ಹೂವು. ಹೊಸ ಹುಡುಗರಿಗೆ ಇದೇ ಸ್ಲೈಡುಗಳನ್ನು ನಾನೂ ನಗದೆ ಓದಿ ಹೇಳಿದ್ದೇನೆ. ಆ ಹುಡುಗನಿಗೂ ಹೇಳಿದವನು ನಾನೇ.

ಸಂಜೆ ಟ್ರೈನಿಂಗ್ ಮುಗಿದ ಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೋದಾಮಿಗೆ ಫೋನ್ ಮಾಡಿಸಿದೆ. ಆ ಕಡೆಯ ಹೆಂಗಸು ಬೈಯಲೂ ಇಲ್ಲ, ಅಷ್ಟು ಸುಸ್ತಾಗಿದ್ದಳು. ಲೇಬಲ್ ರೋಲಿನ ಅಳತೆ ಬದಲಾದ ದಿನದಿಂದ ಹೀಗೆ ಅಂದಳು. ಆರು ಟಿಕೆಟ್‌ಗಳಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ.

ಪ್ರಾಬ್ಲಮ್ ಟಿಕೆಟ್ ತೆರೆಯೋಣ ಅಂತ ಕೂತರೆ ಕೆಟಗರಿ ಪಟ್ಟಿಯಲ್ಲಿ 'ಪ್ರಿಂಟರ್' ಸಿಗಲಿಲ್ಲ. ಹೋದ ವಾರದ ಅಪ್‌ಡೇಟಿನಲ್ಲಿ ಅದು 'ಔಟ್‌ಪುಟ್ ಡಿವೈಸ್' ಆಗಿದೆಯಂತೆ.