ಕುಂಯ್ ಅನ್ನುವ ಕೋಲು

ಹಳೆ ನಾಣ್ಯ ಹುಡುಕುವ ಚಟಕ್ಕೆ ಕಡಿಮೆ ಬೆಲೆಯ ಮೆಟಲ್ ಡಿಟೆಕ್ಟರ್ ಒಂದನ್ನು ತರಿಸಿದೆ. ಬಳ್ಳಾರಿಯ ಮನೆಯ ಹಿತ್ತಿಲಲ್ಲಿ ಸ್ವಿಚ್ ಹಾಕಿದ್ದೇ ತಡ, ಕುಂಯ್ ಅಂತು. ಅಗೆದೆ. ಏನೂ ಇಲ್ಲ. ಒಂದು ಹೆಜ್ಜೆ ಆಚೆ ಇಟ್ಟೆ, ಮತ್ತೆ ಕುಂಯ್. ಸಂಜೆ ಹೊತ್ತಿಗೆ ಹಿತ್ತಿಲು ಹಂದಿ ಹೊಕ್ಕ ಶೇಂಗಾ ಹೊಲದಂತಾಗಿತ್ತು.

"ನಿಧಿ ಅಗಿಯಾಕತ್ತಾರ ಅಂತ ಓಣಿ ತುಂಬ ಸುದ್ದಿ ಆಗೈತಿ, ಸಾಕು ಮಾಡ್ರಿ" ಅಂದಳು ಹೆಂಡತಿ.

ತಪ್ಪು ಪೂರ್ತಿ ಯಂತ್ರದ್ದಲ್ಲ. ಕೋಲಿನ ತುದಿಯ ಕಾಯಿಲ್, ಅಂದರೆ ತಂತಿ ಸುರುಳಿ, ನೆಲಕ್ಕೆ ಕಾಂತದ ಅಲೆ ಬಿಡುತ್ತದೆ, ಲೋಹ ಇದ್ದರೆ ಅದು ಮಾರುತ್ತರ ಕೊಡುತ್ತದೆ. ಆದರೆ ಸಂಡೂರಿನ ಗುಡ್ಡದ ಕಬ್ಬಿಣದ ಅದಿರು ಲಾರಿ ಲಾರಿ ಹಾದುಹೋಗುವ ನಮ್ಮ ಕಡೆ, ಕೆಂಪು ಮಣ್ಣೇ ಉತ್ತರ ಕೊಡುತ್ತದೆ. ಅದಕ್ಕೇ ಹೇಳುತ್ತೇನೆ, ಇಲ್ಲಿ ಕೊಳ್ಳುವವರು ಮೊದಲು ನೋಡಬೇಕಾದದ್ದು ಗ್ರೌಂಡ್ ಬ್ಯಾಲೆನ್ಸ್. ಕಾಯಿಲನ್ನು ನೆಲದ ಮೇಲೆ ಎತ್ತಿ ಇಳಿಸಿ, ಮಣ್ಣಿನ ಗದ್ದಲ ಅಡಗುವವರೆಗೂ ತಿರುಪು ತಿರುಗಿಸುವ ಸೌಲಭ್ಯ ಅದು. ನನ್ನ ಅಗ್ಗದ್ದರಲ್ಲಿ ಅದಿರಲಿಲ್ಲ. "20 ಅಡಿ ಆಳದ ಬಂಗಾರ" ಅಂತ ಮಾರುವವರನ್ನಂತೂ ನಂಬಲೇಬೇಡಿ. ರೂಪಾಯಿ ಗಾತ್ರದ ನಾಣ್ಯ ಆರೇಳು ಇಂಚಿನಲ್ಲಿ ಸಿಕ್ಕರೆ ಪುಣ್ಯ.

ಕೊನೆಗೆ ಹೆಚ್ಚು ದುಡ್ಡು ಸುರಿದು ಆ ಸೌಲಭ್ಯ ಇರುವುದನ್ನೇ ಕೊಂಡೆ. ಅದರಲ್ಲಿ ಕಬ್ಬಿಣ ಬೇಡ ಅಂತ ಹೇಳುವ ಗುಂಡಿಯೂ ಇದೆ. ಮೊಳೆ, ಲಾಳ ಎಲ್ಲಾ ಸುಮ್ಮನಾದವು. ಜೊತೆಗೆ ನಮ್ಮ ಹುಡುಗತನದ ಘೇಂಡಾಮೃಗದ ನಾಲ್ಕಾಣೆಯೂ ಸುಮ್ಮನಾಯಿತು. ಅದು ಅಯಸ್ಕಾಂತಕ್ಕೆ ಅಂಟುವ ಸ್ಟೀಲು ಅಲ್ವಾ! 2011ರಲ್ಲಿ ಸರ್ಕಾರ ಅದರ ಚಲಾವಣೆ ನಿಲ್ಲಿಸಿತು, ಈಗ ನನ್ನ ಯಂತ್ರವೂ. ಗುಟ್ಕಾ ಚೀಟಿಯ ಬೆಳ್ಳಿ ಹಾಳೆ ಮಾತ್ರ ನಾಣ್ಯದಂತೆಯೇ ಕೂಗುತ್ತದೆ. ಎಷ್ಟು ಚೀಟಿ ಅಗೆದಿದ್ದೇನೋ, ಲೆಕ್ಕ ಇಟ್ಟಿಲ್ಲ.

ಹುಡುಕೋದೆಲ್ಲಿ ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಹಂಪಿ, ಆನೆಗೊಂದಿ. ಸಂರಕ್ಷಿತ ಜಾಗದಲ್ಲಿ ಅನುಮತಿ ಇಲ್ಲದೆ ಸಲಿಕೆ ಹಾಕುವಂತಿಲ್ಲ, ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. ಆ ಸಾವಾಸವೇ ಬೇಡ. ಅಷ್ಟಕ್ಕೂ ಹುಡುಕಿದ್ದೇ ಸಿಗುತ್ತದೆ ಅಂತಲೂ ಇಲ್ಲ. ರಾಯಚೂರು ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಬಂಗಾರ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರಿಗೆ ಸಿಕ್ಕಿದ್ದು ಅಶೋಕನ ಹೆಸರಿರುವ ಶಾಸನ. ಆ ಬಂಡೆಯ ಅಕ್ಷರಗಳ ಮೇಲೆ ನನ್ನ ಕೋಲು ಆಡಿಸಿದ್ದರೆ ಅದು ಏನಂತ ಕೂಗುತ್ತಿತ್ತು, ಹೇಳಿ!

ನನ್ನ ಪಾಲಿಗೆ ಸೋದರಮಾವನ ಹಳೆ ಕಣ. ಸುಗ್ಗಿಯಲ್ಲಿ ಕೂಲಿಯವರ ಸೆರಗಿನಿಂದ ಎಷ್ಟು ಚಿಲ್ಲರೆ ಉದುರಿರಬೇಡ! ಮೊನ್ನೆ ಅರ್ಧ ದಿನ ಸುತ್ತಿ, ಅಂಚು ಅಲೆಯಲೆಯಾದ ಹತ್ತು ಪೈಸೆಯ ಅಲ್ಯೂಮಿನಿಯಂ ಬಿಲ್ಲೆ ತೆಗೆದೆ. ಬೆರಳಲ್ಲಿ ಮಣ್ಣು ಒರೆಸಿದರೆ ಇಸವಿಯೂ ಓದುವಂತಿರಲಿಲ್ಲ. ನನಗೋ ಹಿಗ್ಗು.

ಮಾವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. "ಹೋದ ವರ್ಷ ಇಲ್ಲೇ ನನ್ನ ಕುಡುಗೋಲು ಬಿದ್ದೈತಿ, ಅದನ್ನ ಹುಡುಕಿಕೊಡು" ಅಂದರು.

"ಕಬ್ಬಿಣ ಕೇಳಿಸಬಾರದು ಅಂತ ಇಟ್ಟೀನಿ ಮಾವ."

"ಹಂಗಾದ್ರ ಯಾತಕ್ಕ ತಂದಿಯೋ ಇದನ್ನ?"