ಯಸ್ ಫಾರ್ ಸಾಂಬಾರ್

ಮುಂಬಯಿ ಮಾಟುಂಗಾದ ನಮ್ಮ ಶೀನ ಮಾವನ ಪ್ರಕಾರ ಇಂಗ್ಲಿಷಿನವರಷ್ಟು ದುಂದು ಯಜಮಾನರು ಭೂಮಿ ಮೇಲೆ ಇಲ್ಲ. ಒಂದು ಶಬ್ದಕ್ಕೆ ಏಳೆಂಟು ಅಕ್ಷರಗಳನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ, ಅದರಲ್ಲಿ ಇಬ್ಬರು ಮೂವರು ಕಡ್ಡಿ ಅಲ್ಲಾಡಿಸುವುದಿಲ್ಲ, ಆದರೂ ಮಸ್ಟರಿನಲ್ಲಿ ಹೆಸರು ತಪ್ಪುವುದಿಲ್ಲ. "ನಾನು ಹೋಟ್ಲಲ್ಲಿ ಹೀಗೆ ಮಾಡಿದ್ರೆ ಆರು ತಿಂಗ್ಳಲ್ಲಿ ಶಟರ್ ಎಳೀಬೇಕಿತ್ತು ಮಾರಾಯ" ಎನ್ನುತ್ತಾರೆ.

ಮಾವ ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಇಂಗ್ಲಿಷ್ ಕಲಿತವರು. ಬರೆದದ್ದನ್ನೆಲ್ಲ ಓದಬೇಕು, ಓದದೇ ಇರುವುದಾದರೆ ಬರೆದದ್ದೇಕೆ? ಇದು ಕಾಗುಣಿತ ಕಲಿತವರ ನ್ಯಾಯ. ಹಾಗಾಗಿ ಅವರ ಬಾಯಲ್ಲಿ ಸಾಲ 'ಡೆಬ್ಟ್', ರಸೀದಿ 'ರಿಸಿಪ್ಟ್', ಬುಧವಾರ 'ವೆಡ್‌ನೆಸ್‌ಡೇ'. ಒಂದಕ್ಷರಕ್ಕೂ ಮೋಸವಿಲ್ಲ.

ಡೆಟ್‌ನಲ್ಲಿ ಬಿ ಸೇರಿದ ಕತೆಯನ್ನು ಒಮ್ಮೆ ನಾನೇ ಅವರಿಗೆ ಹೇಳಿದೆ. ಮೊದಲು ಅದು ಫ್ರೆಂಚಿನಿಂದ ಬಂದ ಶಬ್ದ, ಬಿ ಇರಲೇ ಇಲ್ಲ. ಆಮೇಲೆ ಲ್ಯಾಟಿನ್ ಓದಿಕೊಂಡ ಪಂಡಿತರು, ಇದರ ಮೂಲ 'ಡೆಬಿಟುಮ್' ಅಲ್ಲವೇ ಎಂದು ಕಾಗದದ ಮೇಲೆ ಬಿ ತುರುಕಿದರು. ಜನ ಬಾಯಲ್ಲಿ ಅದನ್ನು ಸೇರಿಸಿಕೊಳ್ಳಲಿಲ್ಲ. ಮಾವ ಗಲ್ಲೆಯ ಮೇಲೆ ಬೆರಳು ಕುಟ್ಟುತ್ತಾ ಕೇಳಿ ಹೇಳಿದರು: "ಬಿ ಅಂದ್ರೆ ಬಡ್ಡಿ. ಸಾಲ ಕೊಡುವಾಗ ಬಾಯಲ್ಲಿ ಹೇಳುವುದಿಲ್ಲ, ಕಾಗದದಲ್ಲಿ ಮಾತ್ರ ಇರ್ತದೆ." ಆ ಪಂಡಿತರಿಗಿಂತ ಇದೇ ನನಗೆ ಸರಿ ಕಾಣುತ್ತದೆ.

ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಕ್ಯಾಕ್ಸ್‌ಟನ್ ಎಂಬಾತ 1476ರಲ್ಲಿ ಇಂಗ್ಲೆಂಡಿನ ಮೊದಲ ಅಚ್ಚಿನ ಯಂತ್ರ ಹೂಡಿದ. ಕಾಗುಣಿತ ಅಚ್ಚಿನ ಮೊಳೆಗೆ ಬಿದ್ದು ಗಟ್ಟಿಯಾಗುತ್ತಾ ಹೋಯಿತು. ಜನರ ಬಾಯಿ ಮಾತ್ರ ಅದರಷ್ಟಕ್ಕೆ ಸ್ವರಗಳನ್ನು ಬದಲಾಯಿಸುತ್ತಲೇ ಹೋಯಿತು. ಆ ಜಗಳದ ದಂಡವನ್ನು ಇವತ್ತಿಗೂ ತೆರುತ್ತಿರುವವರು ನಾವು. ನಮ್ಮ ಮುಂಬಯಿ ಲೋಕಲ್ ರೈಲಿನ ಹಾರ್ಬರ್ ಲೈನಿನಲ್ಲಿರುವ ರೇ ರೋಡ್ ಸ್ಟೇಷನ್ನನ್ನೇ ನೋಡಿ. 1885ರಿಂದ 1890ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಲಾರ್ಡ್ ರೇ ಹೆಸರು. ಬರೆಯುವುದು ಆರ್, ಇ, ಎ, ವೈ. ಒಂದು 'ರೇ' ಅನ್ನಲು ನಾಲ್ಕು ಜನ! ಅದೇ ದೊರೆಗಳು ಭಾಯಖಳಾವನ್ನು ಬೈಕುಲ್ಲಾ ಮಾಡಿದರು, ನಮ್ಮ ಕುಂದಾಪುರವನ್ನು ಕೂಂಡಾಪೂರ್ ಎಂದು ಬರೆದರು. ಅವರನ್ನು ಯಾರೂ ಉಚ್ಚಾರಣೆಯ ಕ್ಲಾಸಿಗೆ ಕಳಿಸಲಿಲ್ಲ.

ಕ್ಲಾಸಿಗೆ ಹೋದದ್ದು ಮಾವನ ಮಗಳು. ಅವಳು ಕೆಲವು ಕಾಲ ರಾತ್ರಿಪಾಳಿಯ ಕಾಲ್ ಸೆಂಟರಿನಲ್ಲಿದ್ದಳು. ಅಲ್ಲಿ ಕಲಿಸಿದ್ದನ್ನು ಮನೆಯಲ್ಲಿ ಪ್ರಯೋಗ ಮಾಡಿ ತೋರಿಸಿದಳು. ಹೋಟೆಲಿನಲ್ಲಿ ನಾಲ್ಕು ತುಂಡು ಮಾಡಿ ಗ್ಲಾಸಿನಲ್ಲಿ ನಿಲ್ಲಿಸುವ ಟಿಶ್ಯೂ ಕಾಗದವಿದೆಯಲ್ಲ, ಅದರ ಒಂದು ಚೂರನ್ನು ತುಟಿಯ ಮುಂದೆ ಹಿಡಿದು 'ಪೆನ್' ಎನ್ನಬೇಕು. ಕಾಗದ ಪಟಕ್ಕನೆ ಹಾರಿದರೆ ಅದು ಇಂಗ್ಲಿಷ್, ಅಲ್ಲಾಡದಿದ್ದರೆ ಕನ್ನಡ. ಶಬ್ದದ ಮೊದಲಲ್ಲಿ ಬರುವ ಪ, ಟ, ಕಗಳಿಗೆ ಅವರು ಉಸಿರು ಸೇರಿಸುತ್ತಾರೆ. ಅಂದರೆ ಟೀ ಕಪ್ ಅಲ್ಲ, ಹೆಚ್ಚುಕಡಿಮೆ ಠೀ ಖಪ್. ಮಹಾಪ್ರಾಣ! 'ಧನ'ಕ್ಕೆ 'ದನ' ಅಂದದ್ದಕ್ಕೆ ನಾವೆಲ್ಲ ಕನ್ನಡ ಮೇಷ್ಟರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಆಗ ಬಾರದ ಮಹಾಪ್ರಾಣ ಈಗ ಸಂಬಳ ಕೊಟ್ಟ ಮೇಲೆ ಬಂತು. ಮಾವನೂ ಒಂದು ಕೈ ನೋಡಿದರು. ಕಾಗದ ಹಾರಿತು, ಜೊತೆಗೆ ಬಾಯಲ್ಲಿದ್ದ ಅಡಿಕೆಯೂ ಹಾರಿತು.

ವಿ ಮತ್ತು ಡಬ್ಲ್ಯೂ ಪಾಠ ಇನ್ನೂ ಕಷ್ಟದ್ದು. ನಮ್ಮ 'ವ' ಎರಡರ ಮಧ್ಯೆ ಎಲ್ಲೋ ಆರಾಮಾಗಿದೆ. "ವಿ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗ್ಬೇಕು ಅಪ್ಪಾ, ಡಬ್ಲ್ಯೂಗೆ ಶಿಳ್ಳೆ ಹೊಡೆಯೋ ಹಾಗೆ ಬಾಯಿ ಮಾಡ್ಬೇಕು" ಎಂದಳು. "ಮೇಲಿನ ಹಲ್ಲು ಲೋಟದಲ್ಲಿ ಉಂಟು, ತಗೊಂಡು ಬಾ" ಎಂದರು ಮಾವ.

ಇಷ್ಟೆಲ್ಲ ಆದದ್ದು ಒಂದು ಇನ್ಷೂರೆನ್ಸ್ ಪಾಲಿಸಿಯ ದೆಸೆಯಿಂದ. ನಮ್ಮವರ ಬಾಯಲ್ಲಿ ಎಕಾರ ಶುರುವಿನಲ್ಲಿ ಬಂದರೆ ಅದಕ್ಕೊಂದು ಯಕಾರ ಅಂಟಿಕೊಳ್ಳುತ್ತದೆ. ಎಲ್ಲಾ ಯೆಲ್ಲಾ ಆಗುತ್ತದೆ, ಎಮ್ ಯಮ್ ಆಗುತ್ತದೆ, ಎಸ್ ಯಸ್ ಆಗುತ್ತದೆ. ಊರಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಫೋನಿನಲ್ಲಿ ಕಂಪನಿಯ ಹುಡುಗಿ ಕೇಳಿದಳು:

"ಸರ್, ನಾಮ್ ಕಾ ಸ್ಪೆಲಿಂಗ್?"

"ಯಸ್."

"ಹಾಂ ಸರ್, ಬತಾಯಿಯೇ."

"ಯಸ್!"

"ಯೆಸ್ ಸರ್, ಮೈ ಸುನ್ ರಹೀ ಹೂಂ."

"ಅರೇ, ಯಸ್ ಬೋಲಾ ನಾ! ಯಸ್ ಫಾರ್ ಸಾಂಬಾರ್!"

ಆಚೆ ಕಡೆ ಕೀಬೋರ್ಡ್ ಸದ್ದಾಯಿತು. ಮಾವನಿಗೆ ಹುರುಪು ಬಂತು. ಹೆಚ್ ಫಾರ್ ಹೋಟೆಲ್, ಆರ್ ಫಾರ್ ರವೆ, ಐ ಫಾರ್ ಇಡ್ಲಿ, ಯನ್ ಫಾರ್ ನೀರ್ದೋಸೆ, ಅಗೇನ್ ಇಡ್ಲಿ, ವಿ ಫಾರ್ ವಡೆ, ಎ ಫಾರ್ ಅಂಬೊಡೆ, ಲಾಸ್ಟಿಗೆ ಮತ್ತೆ ಸಾಂಬಾರ್. ಪಕ್ಕದಲ್ಲಿ ಕೂತಿದ್ದ ನನಗೆ ಹಸಿವಾಯಿತು.

ಪಾಲಿಸಿ ಅಂಚೆಯಲ್ಲಿ ಬಂತು. ಹೆಸರು: ಯೆಶ್ರಿನಿವಾಸ್. 'ಯೆಸ್' ಎಂಬ ಮೂರಕ್ಷರ ಹಾಗೇ ಕೂತು, ಮುಂದಿನದು ಅದಕ್ಕೆ ತಗಲಿಕೊಂಡಿತ್ತು. ಸಾಲದ್ದಕ್ಕೆ ವಿ ಜಾಗದಲ್ಲಿ ಡಬ್ಲ್ಯೂ. ಅತ್ತೆ ಅದನ್ನು ದೇವರ ಮುಂದೆ ಇಟ್ಟು ಕೈಮುಗಿದರು. "ಯೇಸುವೂ ಶ್ರೀನಿವಾಸನೂ ಒಟ್ಟಿಗೆ ಕಾಯ್ತಾರೆ, ಪ್ರೀಮಿಯಂ ಒಂದೇ ಅಲ್ವಾ? ಇರ್ಲಿ ಬಿಡಿ" ಎಂದರು.

ಮಗಳು ಬಿಡಲಿಲ್ಲ. ವಿಮಾನದವರು ಬಳಸುವ ಆಲ್ಫಾ, ಬ್ರಾವೊ, ಚಾರ್ಲಿ ಪಟ್ಟಿಯನ್ನು ಅಪ್ಪನಿಗೆ ಬಾಯಿಪಾಠ ಮಾಡಿಸಲು ಕೂತಳು. ಈಗಿನ ರೂಪದಲ್ಲಿ ಅದು ಜಾರಿಗೆ ಬಂದದ್ದು 1956ರಲ್ಲಿ, ನಮ್ಮ ಕನ್ನಡ ನಾಡು ಒಂದಾದ ವರ್ಷವೇ. ಸಿಯೆರ್ರಾ, ವಿಕ್ಟರ್, ವಿಸ್ಕಿ ಎಂದೆಲ್ಲ ಬಂದಾಗ ಮಾವ ಆಕಳಿಸಿದರು. ಆದರೆ ಎಚ್‌ಗೆ ಅಲ್ಲಿಯೂ ಹೋಟೆಲ್ ಎಂದೇ ಇದೆ ಎಂದು ಗೊತ್ತಾದಾಗ ನೆಟ್ಟಗೆ ಕೂತರು. "ನೋಡಿದ್ಯಾ! ಪೈಲಟಿಗೂ ಹೋಟೆಲೇ ಬೇಕು." ಉಳಿದ ಇಪ್ಪತ್ತೈದನ್ನು ಅವರು ಕಲಿಯಲಿಲ್ಲ.

ಕಡೆಗೆ ಫೋನಿನ ಸಹವಾಸವೇ ಬೇಡವೆಂದು ಖುದ್ದಾಗಿ ಆಫೀಸಿಗೆ ಹೋದೆವು. ಅಲ್ಲಿದ್ದ ಮರಾಠಿ ಗೃಹಸ್ಥರು ಅರ್ಜಿ ಬರೆಸಿಕೊಂಡು ಮುಂದಿನ 'ಯೆಸ್' ಹೊಡೆದುಹಾಕಿ ಒಂದೇ ಎಸ್ ಇಡಲು ಒಪ್ಪಿದರು. ಡಬ್ಲ್ಯೂ ತೆಗೆಯಬೇಕಾದರೆ ದಾಖಲೆ ತೋರಿಸಿ ಎಂದರು. ಮಾವ ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಟ್ಟರು. ಅದರಲ್ಲೂ ಡಬ್ಲ್ಯೂ! ಖಾತೆ ತೆರೆದ ದಿನವೂ ಯಾರಿಗೋ 'ವಡೆ' ಅಂತಲೇ ಹೇಳಿದ್ದಿರಬೇಕು; ಮುಂಬಯಿಯ ಮೆನು ಕಾರ್ಡುಗಳಲ್ಲಿ ವಡೆಯನ್ನು ಬರೆಯುವುದೇ ಡಬ್ಲ್ಯೂನಿಂದ ತಾನೇ.

"ಅದು ಇರ್ಲಿ ಸಾಹೇಬ್ರೆ" ಎಂದು ಮಾವ ಪಾಸ್‌ಬುಕ್ ಜೇಬಿಗಿಳಿಸಿದರು. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿ, "ಒಂದು ವಡೆ ತಿನ್ನುವಾ" ಎಂದರು.