ಬಾಯಿ ಬಿಟ್ಟ ಟೊಮೆಟೊ

ಬೆಂಗಳೂರಿನಲ್ಲಿ ಸಂಜೆ ಮೋಡ ಕಟ್ಟಿದರೆ ಜನ ತಾರಸಿಗೆ ಓಡುತ್ತಾರೆ. ಒಬ್ಬರು ಬಟ್ಟೆ ಎತ್ತಿಕೊಳ್ಳೋದಕ್ಕೆ, ಇನ್ನೊಬ್ಬರು ಸಂಡಿಗೆ ಎತ್ತಿಕೊಳ್ಳೋದಕ್ಕೆ. ನಾನು ಟೊಮೆಟೊ ಕೀಳೋದಕ್ಕೆ.

ಬಟ್ಟೆ ನೆನೆದರೆ ನಾಳೆ ಒಣಗುತ್ತದೆ. ಸಂಡಿಗೆ ನೆನೆದರೆ ಮಳೆಗೆ ನಾಲ್ಕು ಬೈಗುಳ ಹಾಕಿ ಮತ್ತೆ ಹಿಟ್ಟು ಕಾಯಿಸಬಹುದು. ಟೊಮೆಟೊಗೆ ಎರಡನೇ ಅವಕಾಶ ಇಲ್ಲ. ರಾತ್ರಿ ಜೋರು ಮಳೆ ಹೊಡೆಯಿತು ಅಂದರೆ, ನಿನ್ನೆ ತನಕ ಲಕ್ಷಣವಾಗಿದ್ದ ಹಣ್ಣುಗಳು ಬೆಳಿಗ್ಗೆ ಬಾಯಿ ಬಿಟ್ಟುಕೊಂಡು ನೇತಾಡುತ್ತಿರುತ್ತವೆ. ಅದೂ ಎಂಥವು? ಹೀಚಲ್ಲ, ಕಾಯಲ್ಲ. ಇವತ್ತು ಬೇಡ, ಇನ್ನೊಂದು ದಿನ ಕೆಂಪಾಗಲಿ ಅಂತ ಕಣ್ಣಿಟ್ಟು ಕಾದವೇ.

ಪಕ್ಕದ ಮನೆ ಆಂಟಿಗೆ ನಮ್ಮ ತಾರಸಿ ಅವರ ಮಹಡಿ ಕಿಟಕಿಯಿಂದ ಪೂರ್ತಿ ಕಾಣುತ್ತದೆ. "ಏನ್ರೀ, ಟೊಮೆಟೊ ಎಲ್ಲಾ ಬಿರುಕು ಬಿಟ್ಟಿದ್ಯಲ್ಲಾ, ಏನಾದ್ರೂ ರೋಗಾನಾ?" ಅಂತಾರೆ. ರೋಗ ಅಲ್ಲ ಅಂದರೆ ಅವರಿಗೆ ಸಮಾಧಾನ ಇಲ್ಲ. "ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿ. ನಾವು ತಿನ್ನಲ್ಲಪ್ಪ, ಆದ್ರೆ ಗಿಡ ತಿನ್ನುತ್ತಂತೆ." ಮೊಟ್ಟೆ ಸಿಪ್ಪೆ ಮಣ್ಣಲ್ಲಿ ಕರಗೋ ಹೊತ್ತಿಗೆ ಈ ಗಿಡದ ಆಯುಸ್ಸೇ ಮುಗಿದಿರುತ್ತದೆ. ಬೋರಾನ್ ಅನ್ನೋ ಪೋಷಕಾಂಶ ಕಡಿಮೆಯಾದರೂ ಹಣ್ಣು ಒಡೆಯುತ್ತದೆ, ಅದಕ್ಕೆ ರೈತರು ಬೋರಾನ್ ಇರೋ ಬೊರಾಕ್ಸ್ ಸಿಂಪಡಿಸುತ್ತಾರೆ, ಅದು ನಿಜ. ಆದರೆ ನಿನ್ನೆ ಸಂಜೆ ಸರಿ ಇದ್ದ ಹಣ್ಣು ಇವತ್ತು ಬೆಳಿಗ್ಗೆ ಸೀಳಿದ್ದರೆ ಬೇರೆ ಯಾರನ್ನೂ ಅನುಮಾನಿಸಬೇಕಾಗಿಲ್ಲ. ಮಾಡಿದ್ದು ನೀರು.

ಟೊಮೆಟೊದಲ್ಲಿ ನೂರಕ್ಕೆ 94 ಪಾಲು ನೀರೇ. ಹಗಲು ಬಿಸಿಲಿದ್ದಾಗ ಬೇರು ಕುಡಿದ ನೀರೆಲ್ಲ ಎಲೆಯಿಂದ ಆವಿಯಾಗಿ ಹೋಗುತ್ತಿರುತ್ತದೆ. ಮಳೆ ರಾತ್ರಿ ಗಾಳಿಯೇ ಒದ್ದೆ, ಆವಿ ಹೋಗೋದಕ್ಕೆ ದಾರಿ ಇಲ್ಲ. ಬೇರು ಮಾತ್ರ ಕುಡಿಯೋದು ಬಿಡೋದಿಲ್ಲ. ನೀರು ಹಣ್ಣಿಗೆ ನುಗ್ಗುತ್ತದೆ. ಸಾಲದ್ದಕ್ಕೆ ತೊಟ್ಟಿನ ಸುತ್ತಲಿನ ಸಣ್ಣ ಸಂದುಗಳಿಂದ ಮಳೆನೀರು ನೇರವಾಗಿಯೂ ಒಳಗೆ ಇಳಿಯುತ್ತದೆ. ತಿರುಳು ಉಬ್ಬುತ್ತದೆ. ಹಣ್ಣಾಗುವ ಹೊತ್ತಿಗೆ ಸಿಪ್ಪೆ ಹಿಗ್ಗುವ ಶಕ್ತಿಯನ್ನೆಲ್ಲ ಕಳೆದುಕೊಂಡಿರುತ್ತದೆ. ಹಬ್ಬದ ಊಟ ಆದ ಮೇಲೆ ಹಳೇ ರವಿಕೆಯ ಹೊಲಿಗೆಗೆ ಆಗುವ ಪಾಡೇ ಅದಕ್ಕೂ ಆಗುತ್ತದೆ.

ಒಡೆಯೋದರಲ್ಲೂ ಎರಡು ಥರ. ಒಂದು, ತೊಟ್ಟಿನ ಸುತ್ತ ಬಳೆಬಳೆಯಾಗಿ ಬರುವ ತೆಳು ಗೆರೆ. ಇದು ಆಳಕ್ಕೆ ಇಳಿಯೋದಿಲ್ಲ. ಕಾಯಿ ಇನ್ನೂ ಹಸಿರಿರುವಾಗಲೇ ಬಂದರೆ ಅಲ್ಲೇ ಒಣಗಿ, ಕಂದು ಬಣ್ಣದ ಒರಟು ಕಲೆಯಾಗಿ ಉಳಿಯುತ್ತದೆ. ನೋಡೋದಕ್ಕೆ ಚೆಂದ ಇಲ್ಲ ಅನ್ನೋದು ಬಿಟ್ಟರೆ ಹಣ್ಣಿಗೆ ಏನೂ ಆಗಿರೋದಿಲ್ಲ. ಇನ್ನೊಂದು, ತೊಟ್ಟಿನಿಂದ ಕೆಳಗೆ ನೇರ ಸೀಳಿಕೊಂಡು ಹೋಗುವುದು. ತಂಟೆ ಇದರದ್ದೇ. ಬೆಳಿಗ್ಗೆ ಬೇಗ ನೋಡಿದರೆ ಸೀಳಿನ ಅಂಚು ಚೂಪಾಗಿ, ಒಳಗಿನ ಲೋಳೆ ಹೊಳೆಯುತ್ತಾ, ಬೀಜಗಳು ಒಂದೊಂದೇ ಎಣಿಸಬಹುದು ಅನ್ನುವ ಹಾಗೆ ಕಾಣುತ್ತವೆ. ಬಿಸಿಲು ಏರುತ್ತಿದ್ದ ಹಾಗೆ ಅಂಚು ಒಳಕ್ಕೆ ಮುದುಡುತ್ತದೆ. ಅಷ್ಟರಲ್ಲಿ ಇರುವೆಗಳು ಕೊಂಬೆ ಹಿಡಿದು ಹೊರಟಿರುತ್ತವೆ. ಸಂಜೆಗೆ ಸಣ್ಣ ನೊಣ, ಇನ್ನೆರಡು ದಿನ ಬಿಟ್ಟರೆ ಬಿಳಿ ಬೂಷ್ಟು.

2024ರ ಬೇಸಿಗೆ ನೆನಪಿದೆ ಅಲ್ವಾ? ಮಾರ್ಚ್‌ನಲ್ಲಿ ಜಲಮಂಡಳಿ, ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಕಾರು ತೊಳೆಯಬಾರದು, ಮಾಡಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ಏಪ್ರಿಲ್ ತಿಂಗಳ ಮಳೆ ಹವಾಮಾನ ಇಲಾಖೆ ಲೆಕ್ಕದಲ್ಲಿ ಸೊನ್ನೆ. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು, ಅಷ್ಟರಲ್ಲೇ ಗಿಡಗಳು ಜೀವ ಹಿಡಿದುಕೊಂಡಿದ್ದವು. ಮೇ ಶುರುವಿನಲ್ಲಿ ಆಕಾಶ ಕಣ್ಣು ಬಿಟ್ಟಿತು. ಜೂನ್ 2ರಂದಂತೂ ಒಂದೇ ದಿನ 111.1 ಮಿಲಿಮೀಟರ್ ಸುರಿದು, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರ ದಾಖಲೆ ಮುರಿಯಿತು. ಟೊಮೆಟೊ ಒಡೆಯೋದಕ್ಕೆ ಇದಕ್ಕಿಂತ ಒಳ್ಳೆ ಏರ್ಪಾಡು ಯಾರಿಗೂ ಮಾಡೋದಕ್ಕಾಗಲ್ಲ. ಬರೀ ಮಳೆಗೆ ಹಣ್ಣು ಇಷ್ಟು ಒಡೆಯೋದಿಲ್ಲ. ಮೊದಲು ಒಣಗಿಸಿ, ಆಮೇಲೆ ಒಮ್ಮೆಲೇ ಕುಡಿಸಿದರೆ ಒಡೆಯುತ್ತದೆ.

ಕುಂಡದ ಗಿಡಕ್ಕೆ ಈ ಕಾಟ ಇನ್ನೂ ಜಾಸ್ತಿ. ನೆಲದ ಗಿಡದ ಬೇರು ಆಳಕ್ಕೆ ಹೋಗಿ ಅಷ್ಟಿಷ್ಟು ತಂಪು ಹುಡುಕಿಕೊಳ್ಳುತ್ತದೆ. ಪೇಂಟ್ ಬಕೆಟ್‌ನಲ್ಲಿ ಇರೋ ಗಿಡ ಎಲ್ಲಿಗೆ ಹೋಗಬೇಕು? ಮಧ್ಯಾಹ್ನಕ್ಕೆ ಬಕೆಟ್ ಒಣಗುತ್ತದೆ, ಅರ್ಧ ಗಂಟೆ ಮಳೆಗೆ ತುಂಬುತ್ತದೆ. ಹಾಗಾಗಿ ಮಳೆ ಬಂದ ಮೇಲೆ ಮಾಡೋ ಉಪಾಯಕ್ಕಿಂತ ಮಳೆ ಇಲ್ಲದಾಗ ಮಾಡೋದೇ ಮುಖ್ಯ. ಮಣ್ಣಿನ ಮೇಲೆ ದಪ್ಪಗೆ ಒಣ ಎಲೆ ಹೊದಿಸಬೇಕು. ನಮ್ಮ ರಸ್ತೆಯ ಮಳೆಮರ ಬೇಸಿಗೆ ಹೊತ್ತಿಗೆ ಉದುರಿಸುವ ಪುಟ್ಟ ಎಲೆಗಳು ಇದಕ್ಕೆ ಬಲು ಚೆನ್ನ. ಪೌರಕಾರ್ಮಿಕರು ಗುಡಿಸಿ ಮೂಟೆ ಕಟ್ಟಿಟ್ಟಿರುತ್ತಾರೆ, ಕೇಳಿದರೆ "ತಗೊಂಡು ಹೋಗಮ್ಮ, ನಮಗೂ ಹೊರೋದು ತಪ್ತು" ಅಂತಾರೆ. ನೀರನ್ನು ದಿನಾ ಒಂದೇ ಅಳತೆಯಲ್ಲಿ ಹಾಕಬೇಕು. ಎರಡು ದಿನ ಮರೆತು ಮೂರನೇ ದಿನ ಪ್ರೀತಿ ಉಕ್ಕಿ ಒಂದು ಬಿಂದಿಗೆ ಸುರಿಯೋ ಕೆಲಸ ಬೇಡ. ಬಕೆಟ್ ತಳದ ತೂತು ಕಟ್ಟಿಕೊಂಡಿದೆಯಾ ನೋಡಬೇಕು. ಇಷ್ಟೇ.

ಮಳೆಗೆ ಮಾಡು ಕಟ್ಟುವುದೂ ಒಂದು ದಾರಿ. ನಮ್ಮನೆಯವರು ಎಲ್ಲಿಂದಲೋ ಒಂದು ಹಳೇ ಫ್ಲೆಕ್ಸ್ ತಂದರು. ಮಧ್ಯದಲ್ಲಿ ಕೈಮುಗಿದು ನಿಂತ ಮುಖಂಡರು, ಸುತ್ತ ಸ್ಟಾಂಪ್ ಸೈಜಿನ ಅಭಿಮಾನಿಗಳು, ಕೆಳಗೆ ನಾಡಿನ ಸಮಸ್ತ ಜನತೆಗೆ ರಾಜ್ಯೋತ್ಸವದ ಶುಭಾಶಯ. ನಾಲ್ಕು ಬಿದಿರು ನೆಟ್ಟು ಅದನ್ನು ಕಟ್ಟಿದೆವು. ನಮ್ಮ ವಾರ್ಡಿನಲ್ಲಿ ಅವರ ನೆರಳಿನಿಂದ ಯಾರಿಗಾದರೂ ಉಪಕಾರ ಆಗಿದ್ದರೆ ಅದು ನಮ್ಮ ಟೊಮೆಟೊಗೇ. ಒಂದು ಕಷ್ಟ, ಫ್ಲೆಕ್ಸ್ ಬೆಳಕು ಬಿಡೋದಿಲ್ಲ. ಮಳೆ ನಿಂತ ಕೂಡಲೇ ಸುರುಳಿ ಸುತ್ತಬೇಕು. ಗಾಳಿ ಜೋರಾದರೆ ಮುಖಂಡರು ಪಕ್ಕದ ತಾರಸಿಗೆ ಪಕ್ಷಾಂತರ ಮಾಡುತ್ತಾರೆ.

ನಾನು ನಂಬೋದು ಕೀಳೋದನ್ನೇ. ಹಸಿರು ಹೋಗಿ, ತಳದಲ್ಲಿ ಚೂರು ನಸುಗೆಂಪು ತಿರುಗಿತು ಅಂದರೆ ಅದು ದೋರೆಗಾಯಿ. ಅಲ್ಲಿಂದ ಮುಂದೆ ಅದಕ್ಕೆ ಗಿಡದ ಹಂಗು ಅಷ್ಟಾಗಿ ಇಲ್ಲ, ಮನೆಯೊಳಗೂ ಹಣ್ಣಾಗುತ್ತದೆ. ಬಿಸಿಲೂ ಬೇಕಾಗಿಲ್ಲ. ಕಿಟಕಿಯಲ್ಲಿ ಸಾಲಾಗಿ ಇಡುವವರು ಸುಮ್ನೆ ಅಂದಕ್ಕೆ ಇಡುತ್ತಾರೆ. 20ರಿಂದ 25 ಡಿಗ್ರಿ ಇದ್ದರೆ ಕೆಂಪು ಚೆನ್ನಾಗಿ ಕೂರುತ್ತದೆ, 30 ದಾಟಿದರೆ ಕೂರೋದಿಲ್ಲ. ಬೆಂಗಳೂರಿನ ಮಳೆಗಾಲದ ಮನೆ ಇದಕ್ಕೆ ಹೇಳಿ ಮಾಡಿಸಿದ್ದು. ಅವಸರ ಇದ್ದರೆ ಡಬ್ಬದೊಳಗೆ ಒಂದು ಏಲಕ್ಕಿ ಬಾಳೆಹಣ್ಣು ಜೊತೆಗಿಡಿ, ಅದು ಬಿಡುವ ಎಥಿಲೀನ್ ಅನ್ನೋ ಅನಿಲ ಇದನ್ನೂ ಹಣ್ಣು ಮಾಡುತ್ತದೆ. ಫ್ರಿಜ್ ಮಾತ್ರ ಬೇಡ. ಪರಿಮಳ ಸತ್ತುಹೋಗುತ್ತದೆ.

ಮೋಡ ನೋಡಿಕೊಂಡು ಕೀಳೋದರಲ್ಲಿ ಒಂದು ಮಜಾ ಇದೆ. ಮೊದಲ ಹನಿ ಬೀಳೋ ಮುಂಚೆ ಗಾಳಿ ತಣ್ಣಗಾಗುತ್ತದಲ್ಲ, ಅಷ್ಟರಲ್ಲಿ ಬುಟ್ಟಿ ತುಂಬಬೇಕು. ಟೊಮೆಟೊ ಎಲೆಯ ಘಾಟು ಕೈಗೆ ಹತ್ತುತ್ತದೆ. ಬೆರಳು ಹಸಿರು ತಿರುಗಿ, ಸೋಪು ಹಾಕಿ ಉಜ್ಜಿದರೆ ನೊರೆಯೇ ಹಳದಿ ಬಣ್ಣ ಬರುತ್ತದೆ. ಎಲೆ ಮೇಲಿನ ಸಣ್ಣ ರೋಮಗಳು ಒಡೆದು ಅಂಟಿಕೊಳ್ಳೋ ಬಣ್ಣ ಅದು. ಆಫೀಸಿನ ಮೀಟಿಂಗ್‌ಗೆ ಆ ಕೈಯಲ್ಲೇ ಕೂತಿದ್ದೇನೆ. ಕ್ಯಾಮೆರಾ ಆಫ್ ಇತ್ತು, ಬಿಡಿ.

ಇಷ್ಟೆಲ್ಲ ಯಾಕೆ, ಒಡೆಯದ ಜಾತಿ ಹಾಕಬಾರದಾ ಅಂತ ಕೇಳಬಹುದು. ಹಾಕಬಹುದು. ಇಲ್ಲೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ಇದೆ. ಎಲೆಮುಟುರು, ಸೊರಗು ರೋಗ, ಅಂಗಮಾರಿ, ಮೂರನ್ನೂ ತಡೆಯುವ ಹೈಬ್ರಿಡ್ ತಳಿ. 90-100 ಗ್ರಾಂ ತೂಗುವ ಗಟ್ಟಿ ಹಣ್ಣು, ಲಾರಿಯಲ್ಲಿ ದೂರ ಹೋದರೂ ಜಗ್ಗೋದಿಲ್ಲ. ರೈತರಿಗೆ ಇದು ವರ. ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಕ್ರೇಟ್ ಲೆಕ್ಕದಲ್ಲಿ ಹರಾಜು ಹಾಕುವವರಿಗೆ ಒಡೆದ ಹಣ್ಣು ಅಂದರೆ ಕೈಬಿಟ್ಟ ದುಡ್ಡು. 2021ರ ನವೆಂಬರ್ ಮಳೆಗೆ ಆ ಕಡೆಯ ತೋಟಗಳು ಹಾಳಾಗಿ, ಬೆಂಗಳೂರಿನಲ್ಲಿ ಟೊಮೆಟೊ ಬೆಲೆ ಎಲ್ಲಿಗೋ ಹೋಗಿತ್ತು. ಅವರು ಗಟ್ಟಿ ಸಿಪ್ಪೆ ಕೇಳಿದರೆ ನ್ಯಾಯ.

ಆದರೆ ನನ್ನ ಹಣ್ಣು ಲಾರಿ ಹತ್ತಬೇಕಾಗಿಲ್ಲ. ಮಾಳಿಗೆಯಿಂದ ಒಲೆವರೆಗೆ ಎರಡು ಮಜಲು ಇಳಿದರೆ ಸಾಕು. ಅಷ್ಟಕ್ಕೆ ಆ ದಪ್ಪ ಸಿಪ್ಪೆ ಯಾಕೆ? ಫಾರಂ ಟೊಮೆಟೊ ಹೆಚ್ಚಿದರೆ ಹಲಗೆ ಮೇಲೆ ಹನಿ ನೀರೂ ಬೀಳೋದಿಲ್ಲ. ಸಾರಿಗೆ ಹಾಕಿದರೆ ಎಷ್ಟು ಕುದಿಸಿದರೂ ಸಿಪ್ಪೆ ಸುರುಳಿ ಸುತ್ತಿಕೊಂಡು ತೇಲುತ್ತಿರುತ್ತದೆ, ಊಟ ಮಾಡೋವಾಗ ತಟ್ಟೆ ಅಂಚಿಗೆ ಎತ್ತಿಡಬೇಕು. ನಾಟಿ ಹಾಗಲ್ಲ. ಚಪ್ಪಟೆ, ಮೈಯೆಲ್ಲ ಮಡಿಕೆ, ಒಂದಿದ್ದ ಹಾಗೆ ಇನ್ನೊಂದಿಲ್ಲ. ಚಾಕು ತಾಗಿಸಿದರೆ ಸಾಕು, ಹುಳಿ ನೀರು ಮೊಣಕೈವರೆಗೆ ಹರಿಯುತ್ತದೆ. ಹುಣಸೆಹಣ್ಣು ಇಲ್ಲದೆಯೂ ಸಾರು ಎದ್ದು ನಿಲ್ಲುತ್ತದೆ. (ಗಾಡಿಯವನು ನಾಟಿ ಅಂತ ಕೂಗೋದೆಲ್ಲ ನಾಟಿ ಅಲ್ಲ, ಆ ಮಾತು ಬೇರೆ.) ತೆಳು ಸಿಪ್ಪೆಯಿಂದಲೇ ಅದು ಬಾಯಲ್ಲಿ ಕರಗೋದು, ತೆಳು ಸಿಪ್ಪೆಯಿಂದಲೇ ಮಳೆಗೆ ಒಡೆಯೋದು. ಒಂದು ಬೇಕು, ಇನ್ನೊಂದು ಬೇಡ ಅಂದರೆ ಹೇಗೆ? ವರ್ಷಕ್ಕೆ ನಾಲ್ಕು ಬುಟ್ಟಿ ಒಡೆದರೆ ಒಡೆಯಲಿ, ನಾನು ನಾಟಿಯ ಪಕ್ಷ.

ಒಡೆದ ಹಣ್ಣನ್ನು ಏನು ಮಾಡೋದು ಅನ್ನುವ ತೀರ್ಪು ನಮ್ಮ ಮನೆಯಲ್ಲಿ ಅತ್ತೆಯದ್ದು. ಮೂಸಿ ನೋಡುತ್ತಾರೆ. ಬೆಳಿಗ್ಗೆ ಒಡೆದದ್ದು, ವಾಸನೆ ತಾಜಾ, ಸೀಳಿನಲ್ಲಿ ಇರುವೆ ನೊಣ ಇಲ್ಲ ಅಂದರೆ ಇವತ್ತೇ ಒಲೆಗೆ. ಹುಳಿತ ವಾಸನೆ, ಬೂಷ್ಟು ಕಂಡರೆ ಗೊಬ್ಬರದ ಡ್ರಮ್ಮಿಗೆ. ನಾಳೆಗೆ ಅಂತ ಎತ್ತಿಡುವ ಮೂರನೇ ಗುಂಪು ಅವರ ಕಾನೂನಿನಲ್ಲಿ ಇಲ್ಲ. ಜಾಸ್ತಿ ಇದ್ದರೆ ಗೊಜ್ಜು. ಎಣ್ಣೆ ಕೈಬಿಟ್ಟು ಹಾಕಿ, ಸಾಸಿವೆ, ಕಡ್ಲೆಬೇಳೆ, ಇಂಗು, ಕರಿಬೇವು. ಹಣ್ಣನ್ನು ಹೆಚ್ಚೋದಿಲ್ಲ, ಒಡೆದ ಕಡೆಯಿಂದಲೇ ಬೆರಳು ಹಾಕಿ ಕಿವುಚುತ್ತಾರೆ. "ಅರ್ಧ ಕೆಲಸ ಮಳೆನೇ ಮಾಡಿದ್ಯಲ್ಲ" ಅಂತಾರೆ. ಉಪ್ಪು, ಸಾರಿನ ಪುಡಿ, ಒಂದು ಚೂರು ಬೆಲ್ಲ. ಎಣ್ಣೆ ಮೇಲೆ ಬಿಡೋ ತನಕ ಸಣ್ಣ ಉರಿ. ಮಳೆನೀರು ಕುಡಿದ ಹಣ್ಣು ಸ್ವಲ್ಪ ಸಪ್ಪೆ, ಅದಕ್ಕೇ ಬತ್ತಿಸೋದು ಹೆಚ್ಚು ಹೊತ್ತು. ಅಕ್ಕಿ ರೊಟ್ಟಿ ಇದ್ದರೆ ಆ ಗೊಜ್ಜು ಫ್ರಿಜ್ ಮುಖ ನೋಡೋದಿಲ್ಲ.

ಬೀಜಕ್ಕೂ ಒಡೆದ ಹಣ್ಣೇ ಸಾಕು. ಹೈಬ್ರಿಡ್ ಬೀಜ ಎತ್ತಿಟ್ಟು ಪ್ರಯೋಜನ ಇಲ್ಲ, ಮುಂದಿನ ಸಲ ಅದೇ ಹಣ್ಣು ಬರೋದಿಲ್ಲ. ನಾಟಿಯದ್ದು ಬರುತ್ತದೆ. ಕಡಿಮೆ ಒಡೆಯುವ ಗಿಡದ ಬೀಜ ಎತ್ತಿಡಬೇಕು ಅಂತ ತಿಳಿದವರು ಹೇಳುತ್ತಾರೆ. ನಾನು ನಾಲಿಗೆ ಹೇಳಿದ ಗಿಡದ್ದನ್ನು ಎತ್ತಿಡುತ್ತೇನೆ. ಬೀಜದ ಸುತ್ತ ಇರೋ ಲೋಳೆ ಮೊಳಕೆ ತಡೆಯುತ್ತದೆ. ಆದ್ದರಿಂದ ಲೋಟದಲ್ಲಿ ಸ್ವಲ್ಪ ನೀರಿನ ಜೊತೆ ಎರಡು ಮೂರು ದಿನ ಹುಳಿಯೋದಕ್ಕೆ ಬಿಟ್ಟು, ಮೇಲಿನ ಕೆನೆ ಚೆಲ್ಲಿ, ತೊಳೆದು, ನೆರಳಲ್ಲಿ ಒಣಗಿಸಬೇಕು. ಆ ಎರಡು ಮೂರು ದಿನದ ವಾಸನೆ ಬಗ್ಗೆ ಮಾತ್ರ ಏನೂ ಕೇಳಬೇಡಿ. "ಇದನ್ನ ಮೊದ್ಲು ಆಚೆ ಇಡಮ್ಮ, ಒಗ್ಗರಣೆ ವಾಸನೆನೇ ಗೊತ್ತಾಗ್ತಿಲ್ಲ" ಅಂದರು ಅತ್ತೆ. ಲೋಟ ಈಗ ಮೆಟ್ಟಿಲ ಕೆಳಗೆ, ಕರೆಂಟ್ ಮೀಟರ್ ಪಕ್ಕ ಇದೆ. ಮೀಟರ್ ಓದೋದಕ್ಕೆ ಬರುವವರು ನಾಳೆ ಬಾರದಿದ್ದರೆ ಸಾಕು.